ನಾಳೆ ಹೇಳುವ ಹೋಲಿಕೆ

೧೬-೮-೨೦೦೭, ಗುರುವಾರ

ಪ್ರಕೃತಿಗೆ ನಾಳೆ ತಿರುಗಿಸಿ ಕೊಡಲೇಬೇಕು.

ಇಂಗ್ಲಿಷ್ ಕ್ಲಾಸಿನಲ್ಲಿ ಮಲ್ಹೋತ್ರಾ ಸರ್ ‘ಕಂಪೇರ್ಡ್ ಟು’, ‘ಅನ್‌ಲೈಕ್’ ಹಾಕಿ ನಮ್ಮಲ್ಲೇ ಯಾರನ್ನಾದರೂ ಹೋಲಿಸಿ ಹೇಳಿ ಎಂದರು. ಅವಳು ಎದ್ದು ನಿಂತಳು. “ಕಂಪೇರ್ಡ್ ಟು ನಿರೀಕ್ಷಾ, ಕ್ಯಾಂಟೀನ್ ಭಯ್ಯಾ ಸ್ಪೀಕ್ಸ್ ಗುಡ್ ಇಂಗ್ಲಿಷ್.” ಅರವತ್ತು ಜನ ನನ್ನತ್ತ ತಿರುಗಿ ನಕ್ಕರು. ಸರ್ ಕೂಡ ನಕ್ಕು “ವೆರಿ ಗುಡ್” ಅಂದರು. ನನ್ನ ಸರದಿ ಬರುವ ಮೊದಲೇ ಬೆಲ್ ಹೊಡೆಯಿತು, ಉಳಿದವರದು ನಾಳೆ ಎಂದರು ಸರ್.

ಹೊರಗೆ ಬಂದು ನನ್ನ ಹೆಗಲ ಮೇಲೆ ಕೈ ಹಾಕಿದಳು. “ಮಜಾಕ್ ಥಾ ಯಾರ್,” ಬರೀ ತಮಾಷೆ, ಬೇಜಾರಾಗಬೇಡ ಅಂತ ಹಿಂದಿಯಲ್ಲೇ ಅಂದಳು. ಶನಿವಾರ ಅಜ್ಜಿಗೆ ಫೋನ್ ಇದೆ, ಬರೆದು ಕೊಡ್ತೀಯಲ್ಲ ಅಂತಲೂ ಕೇಳಿದಳು.

ಅವಳು ಇಲ್ಲೇ ದಿಲ್ಲಿಯ ಆರ್.ಕೆ.ಪುರಂನಲ್ಲಿ ಬೆಳೆದವಳು. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಪ್ರತಿ ಶನಿವಾರ ನನ್ನ ಹಾಸ್ಟೆಲ್ ರೂಮಿಗೆ ಬರುತ್ತಾಳೆ. ಹೇಳಬೇಕಾದ ಕನ್ನಡ ಮಾತುಗಳನ್ನು ನಾನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಡುತ್ತೇನೆ. ಅವಳು ಚೀಟಿ ಹಿಡಿದು ಹಾವೇರಿಯ ಅಜ್ಜಿಯ ಜೊತೆ ಮಾತಾಡುತ್ತಾಳೆ. ಇದು ನನಗೊಬ್ಬಳಿಗೇ ಗೊತ್ತು.

ನನ್ನ ವಾಕ್ಯ ಸಿದ್ಧವಾಗಿದೆ. “ಅನ್‌ಲೈಕ್ ಮೀ, ಪ್ರಕೃತಿ ನೀಡ್ಸ್ ಎ ಪೇಪರ್ ಟು ಟಾಕ್ ಟು ಹರ್ ಗ್ರ್ಯಾಂಡ್‌ಮದರ್.” ಬಾತ್‌ರೂಮಿನಲ್ಲಿ ಇಪ್ಪತ್ತು ಸಲ ಹೇಳಿ ನೋಡಿದೆ, ಎಲ್ಲೂ ತೊದಲಲಿಲ್ಲ. ನಾಳೆ ಅವಳ ಮುಖ ನೋಡುತ್ತಲೇ ನಿಧಾನವಾಗಿ ಹೇಳುತ್ತೇನೆ.

ಆಮೇಲೆ ಅವಳು ಈ ರೂಮಿಗೆ ಬರುವುದಿಲ್ಲ. ಬಾರದಿರಲಿ. ಶನಿವಾರ ಅಜ್ಜಿ ಫೋನಿನ ಹತ್ತಿರ ಕಾಯುತ್ತಾ ಕೂತಿರುತ್ತಾರೆ. ಮೊನ್ನೆ ಶನಿವಾರ ಫೋನ್ ನನ್ನ ಕೈಗೆ ಕೊಡಿಸಿ “ಉಂಡಿಯೇನವ್ವಾ” ಅಂತ ಕೇಳಿದ್ದರು. ಇಲ್ಲಿಗೆ ಬಂದಮೇಲೆ ನನ್ನನ್ನು ಯಾರೂ ಹಾಗೆ ಕೇಳಿಲ್ಲ.

ನಂಬರ್ ನನ್ನ ಹತ್ತಿರವೂ ಇದೆ. ಶನಿವಾರ ನಾನೇ ಮಾಡುತ್ತೇನೆ. ಇಷ್ಟು ದಿನ ಆ ಅಜ್ಜಿ ಕೇಳಿಸಿಕೊಂಡದ್ದೆಲ್ಲ ನನ್ನ ಮಾತೇ ತಾನೇ, ಅವಳದಲ್ಲವಲ್ಲ.