ಜಯಕೀರ್ತಿಗೆ ದನಿ ಕೊಟ್ಟವನು

ಹಾವೇರಿ
೨೧೭೪ನೆಯ ಇಸವಿ, ಹದಿಮೂರನೆಯ ತಿಂಗಳು, ನಾಲ್ಕನೆಯ ದಿನ

ನೂರೈವತ್ತು ವರ್ಷ ಹಿಂದಿರುವ ಹಿರಿಯರಿಗೆ,

ತಾರೀಖು ನೋಡಿ ನೀವು ನಕ್ಕಿರಬಹುದು. ನಮ್ಮಲ್ಲಿ ಪಂಚಾಂಗ ಬದಲಾಗಿ ಬಹಳ ಕಾಲವಾಯಿತು. ಮಾತೂ ಸ್ವಲ್ಪ ಬದಲಾಗಿದೆ, ವಿಚಿತ್ರವೆನಿಸಿದರೆ ಮನ್ನಿಸಬೇಕು.

ನಿಮ್ಮ ಕಾಲದ ಸಿನಿಮಾ ನಟರು ತೆರೆದ ಜೀಪಿನಲ್ಲಿ ನಿಂತು ಪಕ್ಷಗಳಿಗಾಗಿ ಮತ ಕೇಳುತ್ತಿದ್ದರಂತೆ. ಆಮೇಲೆ ತಾವೇ ಚುನಾವಣೆಗೆ ನಿಂತರು, ಗೆದ್ದರು, ಮಂತ್ರಿಗಳಾದರು. ನಮ್ಮ ಕಾಲಕ್ಕೆ ಸತ್ತ ನಟರೂ ನಿಲ್ಲುವಂತಾಯಿತು. ಪಕ್ಷದವರು ಅವರ ಮುಖದ ಹಕ್ಕು ಪಡೆದು ಬೆಳಕಿನಲ್ಲಿ ಮತ್ತೆ ಎಬ್ಬಿಸುತ್ತಾರೆ. ಅದನ್ನು ನಾವು ಬೆಳಕೊಡಲು ಎನ್ನುತ್ತೇವೆ. ಅದು ಓಣಿಗಳಲ್ಲಿ ನಡೆದು ಬರುತ್ತದೆ, ಮುದುಕಿಯರನ್ನು ಹೆಸರು ಹಿಡಿದು ಮಾತಾಡಿಸುತ್ತದೆ, ಗೆದ್ದರೆ ಲೋಕಸಭೆಯಲ್ಲಿ ಕೂರುತ್ತದೆ.

ನನ್ನ ಅಪ್ಪ ಗುರುಪಾದ ಮಿಮಿಕ್ರಿ ಕಲಾವಿದ. ಜಯಕೀರ್ತಿ ಎಂಬ ನಟ ತೀರಿಕೊಂಡು ಮೂವತ್ತು ವರ್ಷವಾದ ಮೇಲೆ ಅವನ ಬೆಳಕೊಡಲಿಗೆ ದನಿ ಕೊಟ್ಟವನು ಅಪ್ಪನೇ. ಚುನಾವಣೆಗೆ ಒಂದು ವಾರವಿತ್ತು. ಹೊಳೆ ತುಂಬಿ ಬರುತ್ತಿದೆ, ದಂಡೆಯ ಓಣಿಗಳನ್ನು ಖಾಲಿ ಮಾಡಿ ಎಂದು ಅಧಿಕಾರಿಗಳು ಸಾರಿದರು. ಜನ ಊರು ಬಿಟ್ಟರೆ ಮತ ಕೈತಪ್ಪುತ್ತದೆಂದು ಪಕ್ಷಕ್ಕೆ ದಿಗಿಲು. 'ನಾನಿದ್ದೇನೆ, ಮನೆ ಬಿಡಬೇಡಿ' ಎಂದು ಬರೆದುಕೊಟ್ಟ ಹಾಳೆಯನ್ನು ಅಪ್ಪ ಓದಿದ. ಯಾವ ಊರಿಗೆ ಎಂದು ಕೇಳಲಿಲ್ಲ. ಮರುದಿನ ಸುದ್ದಿಯಲ್ಲಿ ಜಯಕೀರ್ತಿ ನಿಂತಿದ್ದು ತನ್ನ ಅಕ್ಕ ನೀಲವ್ವನ ಓಣಿಯಲ್ಲಿ ಎಂದು ಕಂಡಾಗ ಅಪ್ಪ ಅಲ್ಲಿಗೆ ಓಡಿದ.

"ಅಕ್ಕಾ, ಅದು ನನ್ನ ದನಿ. ಬರದು ಕೊಟ್ಟಿದ್ದನ್ನ ಓದೀನಿ. ಎದ್ದು ಬಾ."

"ನೀ ಸಣ್ಣಾಂವಿದ್ದಾಗಿಂದ ಅವನ್ಹಂಗ ಮಾತಾಡ್ತೀ. ಅಂವ ಸುಳ್ಳ ಹೇಳಾಂವಲ್ಲ."

ಅಪ್ಪ ಅಂಗಳದಲ್ಲೇ ನಿಂತು ಜಯಕೀರ್ತಿಯ ದನಿ ತೆಗೆದು, "ನೀಲವ್ವಾ, ಈಗಿಂದೀಗ ಮನೆ ಬಿಟ್ಟು ಹೊರಡು" ಎಂದ. ಅತ್ತೆ ಥಟ್ಟನೆ ತಲೆಯ ಮೇಲೆ ಸೆರಗು ಹೊದ್ದಳು, ಕಣ್ಣು ತುಂಬಿ ಬಂತು. ಆಮೇಲೆ ತಮ್ಮನ ಗದ್ದ ಹಿಡಿದು ನಕ್ಕಳು.

"ಇವತ್ತಿಗೂ ಎಷ್ಟ್ ಚಂದ ಮಾಡ್ತೀಯಪ್ಪಾ."

ಅವಳು ಏಳಲಿಲ್ಲ. ಅಪ್ಪ ಟ್ರ್ಯಾಕ್ಟರ್ ಕರೆತರಲು ಹೋದ ಹೊತ್ತಿನಲ್ಲಿ ನೀರು ನುಗ್ಗಿತು. ಆ ಓಣಿಯಲ್ಲಿ ನಲವತ್ತೊಂದು ಜನ ಹೋದರು.

ಜಯಕೀರ್ತಿ ಗೆದ್ದ. ಲೋಕಸಭೆಯಲ್ಲಿ ಎದ್ದು ನಿಂತು, ಸತ್ತವರ ಹೆಸರುಗಳನ್ನು ಒಂದೊಂದಾಗಿ ಹೇಳಿ ಕಣ್ಣೀರಿಟ್ಟ. ನೀಲವ್ವ ಎಂಬ ಹೆಸರೂ ಅದರಲ್ಲಿತ್ತು. ಅಪ್ಪ ಆ ಮಾತುಗಳನ್ನು ಎಂದೂ ಆಡಿರಲಿಲ್ಲ. ಮೊದಲು ಹಿಡಿದಿಟ್ಟ ದನಿಯಿಂದಲೇ ಪಕ್ಷದವರು ಜೋಡಿಸಿಕೊಂಡಿದ್ದರು. ಮನೆಯಲ್ಲಿ ಕೂತು ಅದನ್ನು ಕೇಳಿದವನು ಅಂದಿನಿಂದ ಬಾಯಿ ಬಿಡಲಿಲ್ಲ. ನಾನು ಹುಟ್ಟಿದ್ದು ಅದಾದ ಎರಡು ವರ್ಷಕ್ಕೆ; ಇದೆಲ್ಲ ಬದುಕುಳಿದ ನೆರೆಯವರಿಂದ ಕೇಳಿದ್ದು. ನನ್ನ ಹೆಸರನ್ನು ಅವನು ನನ್ನ ಕೈಮೇಲೆ ಬೆರಳಿನಿಂದ ಬರೆಯುತ್ತಿದ್ದ, ಅಷ್ಟೇ. ಹೋದ ತಿಂಗಳು ತೀರಿಕೊಂಡ. ಮಣ್ಣಿಗೆ ಬಂದವರು ಮನೆಗೆ ಮರಳುವಷ್ಟರಲ್ಲಿ ಸುದ್ದಿಯಲ್ಲಿ ಜಯಕೀರ್ತಿ ಯಾವುದೋ ಮಸೂದೆಯ ಮೇಲೆ ಮಾತಾಡುತ್ತಿದ್ದ. ನಾನು ಬಾಗಿಲಲ್ಲೇ ನಿಂತು ಕೊನೆಯವರೆಗೂ ಕೇಳಿದೆ.

ನಿಮ್ಮ ಮೆಚ್ಚಿನ ನಟನನ್ನು ಬಿಡಿ ಎಂದು ನಾನು ಹೇಳಲಾರೆ, ಅತ್ತೆಯೇ ಬಿಡಲಿಲ್ಲ. ಅವನು ವೇದಿಕೆ ಹತ್ತಿದಾಗ, ಆ ಮಾತು ಯಾರು ಬರೆದುಕೊಟ್ಟದ್ದು ಎಂದು ಒಮ್ಮೆ ಕೇಳಿ. ನಿಮ್ಮವನು ಇನ್ನೂ ಬದುಕಿದ್ದಾನೆ, ಉತ್ತರ ಹೇಳಬಲ್ಲ.

ನಿಮ್ಮ ಮುಂದಿನವಳು,
ಶಿವಲೀಲಾ