ಹದಿನೇಳು–ನಾಲ್ಕು

೪-೨-೬೩
ಡಿಸ್ಪೆನ್ಸರಿಯಲ್ಲಿ ಇವತ್ತೂ ನಾಯಿ ಕಚ್ಚಿದವರದೇ ಸಾಲು. ಎಸ್ಟೇಟಿನ ಕೂಲಿ ಲೈನ್ ಮನೆಗಳ ತುಂಬ ನಾಯಿ. ಒಂದೇ ನಾಯಿ ನಾಲ್ಕು ಜನಕ್ಕೆ ಕಚ್ಚುತ್ತದೆ, ಒಬ್ಬರಿಗೇ ಎರಡು ನಾಯಿ ಕಚ್ಚುತ್ತವೆ. ತಲೆ ಕೆಟ್ಟುಹೋಯಿತು. ಕೊನೆಗೆ ಮೂರು ಪುಸ್ತಕ ಮಾಡಿದೆ. ಒಂದರಲ್ಲಿ ಜನ, ಇನ್ನೊಂದರಲ್ಲಿ ನಾಯಿ—ಎಲ್ಲರಿಗೂ ನಂಬರ್. ಮೂರನೆಯದು ಜೋಡಿ ಪುಸ್ತಕ: ಯಾರಿಗೆ ಯಾವುದು ಕಚ್ಚಿತು. ಕಾಫಿ ಕೊಯ್ಯುವ ಚೋಮಿ ಹದಿನೇಳು, ಕರಿ ನಾಯಿ ನಾಲ್ಕು. ಬರೆದೆ: ೧೭–೪.

ಪೊನ್ನಪ್ಪ ಡಾಕ್ಟರು ನೋಡಿದರು. "ಪ್ರತಿ ಕಡಿತಕ್ಕೂ ಬೇರೆ ನಂಬರ್ ಕೊಡಿ ನೀಲಾವತಿ."

ಬೇಡ ಸಾರ್ ಅಂದೆ. ಜೋಡಿಯೇ ಗುರುತು. ಒಂದು ಜೋಡಿ ಒಂದೇ ಸಲ. ಹೋದ ವರ್ಷ ಒಂದೇ ಹೆಸರು ಎರಡೆರಡು ಸಲ ಹೊಕ್ಕು ಎಷ್ಟು ಮದ್ದು ಹಾಳಾಯಿತು! ನಕ್ಕು ಬಿಟ್ಟರು.

೧೪-೨
ಕರಿ ನಾಯಿಯನ್ನು ಹತ್ತು ದಿನ ಕಟ್ಟಿಹಾಕಿ ನೋಡಿದ್ದಾಯಿತು. ಗಟ್ಟಿಮುಟ್ಟಾಗಿದೆ, ಹುಚ್ಚಿಲ್ಲ. ೧೭–೪ರ ಮುಂದೆ 'ಸೂಜಿ ಬೇಡ' ಎಂದು ಬರೆದೆ. ನಾಯಿ ಬಿಟ್ಟರು.

೧೯-೨
ಸಂಜೆ ಚೋಮಿ, ಅವಳ ಜೊತೆ ಕೊಯ್ಯುವ ಮಾರಿ ಇಬ್ಬರೂ ಬಂದರು. "ಅಮ್ಮಾ, ಕರಿಯ ಪುನಃ ಕಚ್ಚಿತು, ಮಾರಿಗೂ" ಎಂದಳು ಚೋಮಿ. ಮಾರಿಯದು ಹೊಸ ಜೋಡಿ, ಬರೆದುಕೊಂಡೆ. ೧೭–೪ ಇದೆಯಲ್ಲ! "ನಿನ್ನದು ಬರೆದಾಗಿದೆ ಮಾರಾಯ್ತಿ, ಸೂಜಿ ಬೇಡ." ಅವಳ ಕೈಯ ಗಾಯ ತೊಳೆದು ಟಿಂಚರ್ ಹಚ್ಚಿ ಕಳಿಸಿದೆ. ನನ್ನ ಸಿದ್ದಾಪುರದ ಬಸ್ಸಿಗೆ ಹೊತ್ತಾಗಿತ್ತು.

೨೩-೨
ಕರಿ ನಾಯಿ ಸತ್ತಿತು. ಜೊಲ್ಲು, ನಡುಕ... ಹುಚ್ಚೇ ಅಂದರು ಡಾಕ್ಟರು. ಪುಸ್ತಕ ನೋಡಿ ಜನ ಕರೆಸಿದೆ, 'ಸೂಜಿ ಬೇಡ' ಇದ್ದವರನ್ನು ಬಿಟ್ಟು. ಹೊಟ್ಟೆಗೆ ಹದಿನಾಲ್ಕು ಸೂಜಿ. ಮಾರಿ ಅತ್ತಳು. "ಅಳಲಿ. ನೀರು ಕಂಡರೆ ಗಂಟಲು ಹಿಡಿಯಲು ಶುರುವಾದರೆ ಮತ್ತೆ ನನ್ನ ಕೈಯಲ್ಲಿ ಏನೂ ಇಲ್ಲ" ಎಂದರು ಡಾಕ್ಟರು.

೮-೩
ಇವತ್ತು ಮಾರಿಯ ಕೊನೇ ಸೂಜಿ. ಹೋಗುವಾಗ ಕೇಳಿದಳು, "ಚೋಮಿಗೆ ಯಾಕಿಲ್ಲಮ್ಮ? ನಂಗೆ ಕಚ್ಚಿದ ದಿನವೇ ಅವಳಿಗೂ ಕಚ್ಚಿದ್ದಲ್ವಾ?"

ಅಯ್ಯೋ ದೇವರೇ. ಹತ್ತು ದಿನ ನೋಡಿದ್ದು ಮೊದಲ ಕಡಿತಕ್ಕೆ. ಎರಡನೆಯದಕ್ಕೆ ನನ್ನ ಪುಸ್ತಕದಲ್ಲಿ ಜಾಗವೇ ಇಲ್ಲ. ನಾನೇ ಇಡಲಿಲ್ಲ. ಚೋಮಿ ಇಲ್ಲಿ ಕಾಫಿ ಪಿಕಿಂಗ್ ಮುಗಿಸಿ ಹುದಿಕೇರಿ ಕಡೆ ಹೋದಳಂತೆ. ಯಾವ ತೋಟ? ಮಾರಿಗೂ ಗೊತ್ತಿಲ್ಲ.

ಡಾಕ್ಟರಿಗೆ ಹೇಳಿದೆ. ಬೈದಿದ್ದರೂ ಚೆನ್ನಾಗಿತ್ತು. ಎದ್ದು ಜೀಪು ತೆಗೆದರು.

೧೪-೩
ಸಿಕ್ಕಿದಳು! ನಗುತ್ತಲೇ ಜೀಪು ಹತ್ತಿದಳು. ಗಾಯ ಮಾಯಿದೆ. "ಕಚ್ಚಿದ ಜಾಗ ಜುಮ್ ಅಂತದೆ, ಅಷ್ಟೇ ಅಮ್ಮ." ಡಾಕ್ಟರ ಮುಖ ನೋಡಿದೆ. ಅವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ಈಗ ಡಿಸ್ಪೆನ್ಸರಿ. ಒಳಗೆ ಸೂಜಿ ಕುದಿಯುತ್ತಿದೆ. ಜೋಡಿ ಪುಸ್ತಕದಲ್ಲಿ ತಾರೀಖಿಗೆಂದು ಹೊಸ ಕಾಲಂ ಎಳೆದೆ. ೧೭–೪, ೧೯-೨. ಭಯಕ್ಕೆ ಕೈ ಸುಮ್ಮನಿರುವುದಿಲ್ಲ, ಇಲ್ಲೂ ಬರೆಯುತ್ತಿದ್ದೇನೆ.

ಬಾಯಾರಿಕೆ ಅಂದಳು ಚೋಮಿ. ನೀರು ಕೊಟ್ಟೆ. ಲೋಟ ಹಿಡಿದುಕೊಂಡು ಬೆಂಚಿನ ಮೇಲೆ ಕೂತಿದ್ದಾಳೆ. ಇನ್ನೂ ಕುಡಿದಿಲ್ಲ. ಬಿಸಿ ಇರಬೇಕು... ಇಲ್ಲ, ತಣ್ಣೀರೇ ಕೊಟ್ಟದ್ದು.

ಕುಡಿ ಚೋಮಿ. ಒಂದು ಗುಟುಕು—