ಒಂಬತ್ತನೆಯ ರೀಲು

ಪ್ರೊಜೆಕ್ಟರ್ ಕೋಣೆ,
ಗುರುವಾರ, ಹನ್ನೊಂದನೆಯ ತಾರೀಖು

ಪ್ರೀತಿಯ ಪುಟ್ಟೀ,

ಕೆಮ್ಮು ಬಿಟ್ಟಿತೇ? ಸಿನಿಮಾ ಮುಗಿದರೂ ನಿದ್ದೆ ಬರುತ್ತಿಲ್ಲ ಎಂದು ಬರೆದಿದ್ದೀಯ. ಬಿಸಿನೀರು ಕುಡಿ, ಪತ್ರಿಕೆ ಓದಬೇಡ. ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಚಿತ್ರದ ವಿಮರ್ಶೆಗಳನ್ನೆಲ್ಲ ನಿನ್ನ ಅತ್ತಿಗೆ ಕತ್ತರಿಸಿ ಇಟ್ಟಿದ್ದಾಳೆ. ನನಗೆ ಅವನ್ನು ಮುಟ್ಟಲೂ ಹೇಸಿಗೆ.

ವಿಮರ್ಶಕರಿಗೆ ಚಿತ್ರ ತೋರಿಸಿದ ದಿನ ನೀನು ಬಂದಿರಲಿಲ್ಲ; ಮಷೀನ್ ನಡೆಸಿದವನು ನಾನೇ ತಾನೆ, ಕಿಂಡಿಯಿಂದ ಎಲ್ಲ ನೋಡಿದೆ. ಬಂದವರು ಏಳು ಜನ. ಒಬ್ಬ ಎರಡನೆಯ ರೀಲಿಗೇ ಗೊರಕೆ ಹೊಡೆದ. ಇನ್ನೊಬ್ಬ ಬೂಟು ಬಿಚ್ಚಿ ಮುಂದಿನ ಕುರ್ಚಿಯ ಮೇಲೆ ಕಾಲು ಚಾಚಿದ್ದ. ದಪ್ಪ ಕನ್ನಡಕದ ಮಹಾಶಯ ಮಧ್ಯದಲ್ಲೇ ಎದ್ದು ಹೋಗಿ, ಆಟ ಬಿಟ್ಟ ಮೇಲೆ ಗೇಟಿನವನನ್ನು "ಕೊನೇಲಿ ಇಬ್ರೂ ಒಂದಾದ್ರೇನಪ್ಪ?" ಎಂದು ಕೇಳಿ ಬರೆದುಕೊಂಡ. ಮರುದಿನ ಅವನದೇ ಅರ್ಧ ಪುಟ: ಕಣ್ಣಿಗೆ ತಂಪು, ಕಥೆ ಸಪ್ಪೆ. ಥೂ! ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ.

ಒಂದರ ನೆಲವೇ ಇನ್ನೊಂದರ ಆಕಾಶವಾದ ಎರಡು ಲೋಕಗಳನ್ನು ಕಟ್ಟಲು ನೀನು ನಾಲ್ಕು ವರ್ಷ ಸವೆಸಿದೆ. ಎಂಟನೆಯ ರೀಲಿನಲ್ಲಿ ಮೇಲಿನ ಲೋಕದ ಹುಡುಗಿ ಕೆಳಗಿನವನ ಬಾಯಿಗೆ ನೀರು ಸುರಿಯುತ್ತಾಳಲ್ಲ, ಅದು ಅರ್ಧ ದಾರಿಯಿಂದ ತಿರುಗಿ ಅವಳ ಮುಖಕ್ಕೇ ಬೀಳುತ್ತದಲ್ಲ, ಅದರ ಬಗ್ಗೆ ಒಬ್ಬನೂ ಒಂದು ಸಾಲು ಬರೆದಿಲ್ಲ. ಚಿಕ್ಕವಳಿದ್ದಾಗ ಮಹಡಿಯಿಂದ ಚೊಂಬಿನಲ್ಲಿ ನನ್ನ ಬಾಯಿಗೆ ನೀರು ಬಿಡುತ್ತೇನೆಂದು ಬೇಕೆಂದೇ ಕಣ್ಣಿಗೆ ಹೊಯ್ಯುತ್ತಿದ್ದೆ, ತರಲೆ. ಅದನ್ನೇ ಅಲ್ಲಿ ಇಟ್ಟಿದ್ದೀಯೆಂದು ನನಗೆ ಗೊತ್ತಾಗದೇ?

ಅವರೆಲ್ಲ ಹೊಗಳಿದ್ದು ಒಂಬತ್ತನೆಯ ರೀಲನ್ನು ಮಾತ್ರ. ಮಾತಿಗೆ ಮೀರಿದ, ತಲೆಕೆಳಗಾದ ಪ್ರೇಮವಂತೆ. ಎದ್ದು ಹೋಗಿದ್ದವನೂ ಅದನ್ನೇ ಬರೆದಿದ್ದಾನೆ. ನೀನು ಅದನ್ನು ನಂಬಿ, ಮುಂದಿನ ಚಿತ್ರವಿಡೀ ತಲೆಕೆಳಗಾಗಿಯೇ ತೆಗೆಯುತ್ತೇನೆ, ಚೊಂಬು ನೀರಿನಂಥ ಮನೆಯ ಸಂಗತಿ ಇನ್ನು ಬೇಡ ಎಂದು ಬರೆದಿದ್ದೀಯ. ಓದಿ ನನಗೆ ಊಟ ಸೇರಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೈಗೆ ಯಾವಾಗಲೂ ಕೆಲಸವಿರಲಿ, ಒಳ್ಳೆಯದಾಗಲಿ.

ನಿನ್ನ ಅಣ್ಣ

ತಾ.ಕ.: ಆಟದ ಗಂಟೆ ಹೊಡೆಯಿತು, ಹೇಳಿಬಿಡುತ್ತೇನೆ. ಒಂಬತ್ತನೆಯ ರೀಲನ್ನು ತಲೆಕೆಳಗು ಮಾಡಿದ್ದು ನೀನಲ್ಲ, ನಾನು. ಹಿಂದಿನ ದಿನ ಓಡಿಸಿ ನೋಡಿದ ಮೇಲೆ ಅದನ್ನು ತಿರುಗಿ ಸುತ್ತಿಡಬೇಕಿತ್ತು. ಮರೆತಿದ್ದೆ; ಆಟದ ದಿನ ಗಮನಿಸದೆ ಕೊನೆಯ ತುದಿಯಿಂದಲೇ ಇನ್ನೊಂದು ಮಷೀನಿಗೆ ಹಾಕಿದೆ. ಚಿತ್ರ ತಲೆಕೆಳಗಾಯಿತು, ಮಾತು ಹೋಯಿತು. ಕೆಳಗಿನಿಂದ ಒಬ್ಬನೂ ಕೂಗಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ನನ್ನ ಕೈ ತಪ್ಪಿದ್ದು ಅದೊಂದೇ ಸಲ. ಅದನ್ನು ಹಾಕುವಾಗ ಎಂಟನೆಯದು ಓಡುತ್ತಿತ್ತು ಪುಟ್ಟೀ, ಕಣ್ಣು ತುಂಬಿ ಏನೂ ಕಾಣಲಿಲ್ಲ.